ಹಾಸಿನ ದಿನ ಚೆಲ್ಲಮ್ಮನ ಬಾಗಿಲು

ಆ ಬುಧವಾರ ಕೋಳಿ ಕೂಗುವ ಹೊತ್ತಿಗೆ ಚೆಲ್ಲಮ್ಮ ಗಂಜಿ ಕಾಸಿ ಇಳಿಸಿದ್ದಳು. ಗಂಡ ಕುಪ್ಪಸ್ವಾಮಿ ಎದ್ದವನೇ, ಮುಖ ಕೂಡ ತೊಳೆಯದೆ, ಗಂಜಿಗೆ ಬೆರಳು ಅದ್ದಿ ಹೆಬ್ಬೆಟ್ಟಿನ ಜೊತೆ ಎಳೆದು ನೋಡಿದ.

"ನೀರಾಗೈತೆ."

"ನಲವತ್ತೊಂದು ವರ್ಷದಿಂದ ನೀರಾಗೈತೆ ಅಂತಾನೇ ಅಂತಿದ್ದೀರ. ಇದುವರ್ಗೂ ಯಾವ ನೂಲೂ ನಿಮ್ಮತ್ರ ಬಂದು ಅತ್ತಿಲ್ಲ."

"ನಾನು ದಿನಾ ಅಂತಿರೋದ್ರಿಂದ್ಲೇ ಅಳ್ತಿಲ್ಲ."

ಅಷ್ಟೇ ಮಾತು. ಇಬ್ಬರೂ ಹಳೆಯ ಪಂಚೆಯ ಒಂದೊಂದು ತುದಿ ಹಿಡಿದು ತಿರುಚಿ ಗಂಜಿ ಸೋಸಿದರು. ಅವನು ಗಡಿಗೆ ಎತ್ತಿಕೊಂಡು ಬೀದಿಗೆ ಇಳಿದ.

ಸೇಲಂನ ಆ ಬೀದಿಯಲ್ಲಿ ಮೂವತ್ತು ಮನೆ. ಎಲ್ಲರೂ ಕನ್ನಡ ಮಾತಾಡುವ ನೇಕಾರರು, ಬಿಳಿ ರೇಷ್ಮೆ ಪಂಚೆ ನೇಯುವವರು. ಮಗ್ಗಕ್ಕೆ ಏರಿಸುವ ಮೊದಲು ಉದ್ದ ನೂಲನ್ನು ಬೀದಿಯುದ್ದಕ್ಕೂ ಬಿದಿರು ಕಟ್ಟಿ ಎಳೆಯಬೇಕು. ಅದೇ ಹಾಸು. ಬೀದಿಯ ಹುಡುಗರು ತಮಿಳಿನಲ್ಲಿ ಪಾವು ಅನ್ನುತ್ತಾರೆ. ಎಳೆದ ನೂಲಿಗೆ ಕುಂಚದಿಂದ ಅಕ್ಕಿಗಂಜಿ ಸವರಿ, ಬಿಸಿಲು ಏರುವ ಮೊದಲು ಒಣಗಿಸಬೇಕು. ಹಾಸು ಸೊಂಟದ ಎತ್ತರಕ್ಕೆ ಎಲ್ಲರ ಬಾಗಿಲಿಗೂ ಅಡ್ಡ ನಿಲ್ಲುತ್ತದೆ. ಅದನ್ನು ದಾಟಬಾರದು, ಅದರ ಕೆಳಗೆ ನುಸುಳಬಾರದು. ಒಳಗಿದ್ದವರು ಎಂಟು ಗಂಟೆಯವರೆಗೂ ಒಳಗೇ. ಹೊರಗಿದ್ದವರು ಹೊರಗೇ.

ಚೆಲ್ಲಮ್ಮನ ಓದು ಮುಗಿದದ್ದೂ ಹೀಗೆಯೇ. ಅವಳು ಹುಟ್ಟಿದ್ದು ಇದೇ ಊರಿನ ಇಂಥದ್ದೇ ಬೀದಿಯಲ್ಲಿ. ಎರಡನೇ ಕ್ಲಾಸಿನ ವಾಧ್ಯಾರ್ ದಿನವೂ ಬೆತ್ತ ಎತ್ತಿ "ಏನ್ ಲೇಟ್?" ಎಂದು ಕೇಳುತ್ತಿದ್ದರು. "ಪಾವು ಸಾರ್." ಒಂದು ವಾರ ಕೇಳಿದರು. ಎರಡನೆಯ ವಾರ, "ಹಾಗಾದ್ರೆ ಪಾವು ಹತ್ರಾನೇ ಅ ಆ ಕಲ್ತ್ಕೋ, ಹೋಗು" ಎಂದು ತಮಿಳಿನಲ್ಲಿ ಬೈದರು. ಅವಳು ಹೋದವಳು ಹೋದಳು. ಮನೆಯಲ್ಲಿ ಯಾರೂ ಅಳಲಿಲ್ಲ. ಗಂಜಿ ಕಲಕಲು ಒಂದು ಕೈ ಸಿಕ್ಕಿತು ಎಂದು ಅಪ್ಪ ಖುಷಿಪಟ್ಟ. ಅವಳಿಗೂ ಖುಷಿಯೇ. ಗಡಿಗೆಯ ತಳದಲ್ಲಿ ಉಳಿದ ಗಂಜಿಗೆ ಉಪ್ಪು ಹಾಕಿ ನೆಕ್ಕಬಹುದಿತ್ತು. ಹಾಸಿನ ಕೆಳಗೆ ನುಸುಳಿದ ಹುಡುಗಿಗೆ ಕೂದಲು ಉದುರುತ್ತದೆ ಎಂದು ಅಜ್ಜಿ ಹೆದರಿಸಿದ್ದಳು. ಒಂದು ದಿನ ಕೋಳಿಮರಿ ಹಿಡಿಯಲು ನುಸುಳಿಯೇ ಬಿಟ್ಟಳು. ಹತ್ತು ದಿನ ಎದ್ದ ತಕ್ಷಣ ತಲೆ ಮುಟ್ಟಿಕೊಂಡಳು. ಕೂದಲು ಉದುರಿದ್ದು ಅಜ್ಜಿಯದು.

ಮರುದಿನ ಗುರುವಾರ ಕುಪ್ಪಸ್ವಾಮಿ ಧರ್ಮಪುರಿಗೆ ಹೊರಟ. ಅಲ್ಲಿ ಸೋದರಮಾವನ ಮಗ ಹೊಸ ಮನೆ ಕಟ್ಟಿಸಿದ್ದ, ಹಾಲು ಉಕ್ಕಿಸುವುದಿತ್ತು. ಬಸ್ಸು ಹತ್ತಿ ಕೂತರೆ ಅವನಿಗೆ ನಿದ್ದೆ. ಮದುವೆಯಾದ ಹೊಸತರಲ್ಲಿ ಏರ್ಕಾಡ್ ಬೆಟ್ಟ ನೋಡಲು ಹೋದಾಗ ಘಾಟಿಯ ಇಪ್ಪತ್ತು ತಿರುವಿನಲ್ಲೂ ಅವನು ಅವಳ ಭುಜದ ಮೇಲೆ ಗೊರಕೆ ಹೊಡೆದಿದ್ದ. ಏರ್ಕಾಡ್ ಹೇಗಿದೆ ಎಂದು ಯಾರಾದರೂ ಕೇಳಿದರೆ ಅವಳೇ ಹೇಳಬೇಕಿತ್ತು.

ಒಂಬತ್ತೂವರೆಗೆ ಅವನ ಫೋನಿಂದ ಕಂಡಕ್ಟರ್ ಮಾತಾಡಿದ. ತೊಪ್ಪೂರು ದಾಟಿ ಬಂದಿದ್ದೇವೆ, ಹಿರಿಯರು ಏಳುತ್ತಿಲ್ಲ ಎಂದ.

"ಜೋರಾಗಿ ಅಲ್ಲಾಡ್ಸಪ್ಪಾ," ಎಂದಳು ಚೆಲ್ಲಮ್ಮ. "ಬಸ್ಸಲ್ಲಿ ಅವ್ರು ಅಂಗೇ."

ಅಲ್ಲಾಡಿಸಿದ. ಅವಳು ಫೋನು ಕಿವಿಗೆ ಒತ್ತಿಕೊಂಡೇ ಇದ್ದಳು. "ಅಮ್ಮಾ," ಎಂದ ಕಂಡಕ್ಟರ್. ಆಮೇಲೆ ಬಸ್ಸು ಬದಿಗೆ ಹಾಕಲು ಡ್ರೈವರಿಗೆ ಕೂಗಿದ.

ಆ ಬೀದಿಯಲ್ಲಿ ಒಂದು ಪದ್ಧತಿ. ಗಂಡ ಸತ್ತ ಮೇಲೆ ಒಂದು ವರ್ಷ ಹೆಂಡತಿ ಹಾಸಿನ ಎದುರು ಬರಬಾರದು. ಬಂದರೆ ನೂಲು ಹರಿಯುತ್ತದಂತೆ. ಯಾರು ಕಟ್ಟಿದ ಮಾತೋ. ಚೆಲ್ಲಮ್ಮನೂ ಅದನ್ನು ನಂಬಿದವಳೇ. ಎದುರುಮನೆ ಸಿದ್ದಲಕ್ಷ್ಮಮ್ಮ, ತನ್ನ ಗಂಡ ತೀರಿಕೊಂಡ ವರ್ಷ, ಮರೆತು ಬಾಗಿಲಿಗೆ ಬಂದಾಗ, "ಅಕ್ಕಾ, ಒಳಕ್ಕೋಗಿ" ಎಂದವಳು ಇವಳೇ. ಹೇಳಿ ಪಕ್ಕದವಳ ಜೊತೆ ತರಕಾರಿ ರೇಟು ಮಾತಾಡಿದ್ದಳು.

ಈಗ ಅವಳ ಬಾಗಿಲು. ಮೈದುನ ಪೊನ್ನುಸ್ವಾಮಿ ಬೀದಿಯ ಹಾಸುಗಳಿಗೆಲ್ಲ ಮುಂದಾಳು. ಅವನು ತಾನೇ ಬಂದು ಹೇಳಲಿಲ್ಲ. ಅವಳ ಸೊಸೆ ಸತ್ಯಾಳ ಕೈಲಿ ಹೇಳಿಸಿದ.

"ಅತ್ತೆ, ಚಿಕ್ಕಮಾವ ಅಂದ್ರು... ಒಂದು ವರ್ಷ..."

"ಗೊತ್ತು ಬಿಡು."

ಆ ಮನೆಗೆ ಹಿತ್ತಲ ಬಾಗಿಲಿಲ್ಲ. ಹಿಂದೆ ಪಕ್ಕದ ಮಿಲ್ಲಿನ ಗೋಡೆ. ವಾರಕ್ಕೆ ಮೂರು ದಿನ, ನಾಲ್ಕು ತಾಸು, ಚೆಲ್ಲಮ್ಮ ಮುಚ್ಚಿದ ಬಾಗಿಲ ಹಿಂದೆ ಕೂತಳು. ಬಾಗಿಲ ಕೆಳಗೆ ನಾಲ್ಕು ಬೆರಳಷ್ಟು ಸಂದು ಇತ್ತು. ನೆಲಕ್ಕೆ ಕೆನ್ನೆ ಕೊಟ್ಟು ನೋಡಿದರೆ ಕಾಲುಗಳು ಕಾಣುತ್ತಿದ್ದವು. ಒಂದು ತಿಂಗಳಲ್ಲಿ ಎಲ್ಲರ ಕಾಲೂ ಗೊತ್ತಾದವು. ಪಕ್ಕದ ಮನೆ ಪಳನಿಸ್ವಾಮಿ ಸುಮ್ಮನೆ ನಿಂತರೆ ಎಡಗಾಲಿಂದ ಬಲಗಾಲು ಕೆರೆಯುತ್ತಾನೆ. ಪೊನ್ನುಸ್ವಾಮಿಯ ಹಿಮ್ಮಡಿ ಒಡೆದು ಚೈತ್ರದ ಕೆರೆಯಂತಾಗಿದೆ, ಹೆಂಡತಿಗೆ ಹೇಳಿ ಎಣ್ಣೆ ಹಚ್ಚಿಸಿಕೊಳ್ಳಬಾರದೇ. ಸಿದ್ದಲಕ್ಷ್ಮಮ್ಮ ಮಾತ್ರ ದಿನವೂ ಎದುರು ಮೆಟ್ಟಿಲ ಮೇಲೆ ಇದೇ ಬಾಗಿಲ ಕಡೆ ಕಾಲು ಮಾಡಿ ಕೂರುತ್ತಿದ್ದಳು. ಚೆಲ್ಲಮ್ಮ ಆ ಕಾಲು ಕಂಡರೆ ಕಣ್ಣು ತೆಗೆಯುತ್ತಿದ್ದಳು.

ಅವಳಿಗೆ ಬೇಕಾದ್ದು ದೊಡ್ಡದೇನಲ್ಲ. ಹಾಸಿನ ದಿನ ತನ್ನ ಮನೆಯ ಮೆಟ್ಟಿಲ ಮೇಲೆ ನಿಲ್ಲಬೇಕು. ನಲವತ್ತೊಂದು ವರ್ಷ ನಿಂತ ಜಾಗ ಅದು.

ಬೀದಿಗೆಲ್ಲ ಅದುವರೆಗೆ ಅವಳದೇ ಗಂಜಿ. ಮೊದಲ ವಾರ ಪೊನ್ನುಸ್ವಾಮಿಯ ಹೆಂಡತಿ ಕಾಸಿದಳು. ನೂಲೆಲ್ಲ ಜಡೆ ಹೆಣೆದಂತೆ ಅಂಟಿಕೊಂಡಿತು. ಆಮೇಲೆ ಅಂಗಡಿಯ ಪುಡಿ ತಂದು ಕಲಸಿದರು. ಅದನ್ನು ನಾಯಿಯೂ ಮೂಸಲಿಲ್ಲ. ಎಳೆಗಳು ಪಟಪಟ ಹರಿದವು. ಮೂರನೆಯ ವಾರ ಸತ್ಯಾ ಅಡುಗೆಮನೆಗೆ ಬಂದು ಕೈ ಒರೆಸಿಕೊಳ್ಳುತ್ತಾ ನಿಂತಳು.

"ಅತ್ತೆ, ಚಿಕ್ಕಮಾವ ಕೇಳ್ತಾರೆ... ಗಂಜಿ ನೀವು ಕಾಸ್ಕೊಡ್ತೀರಾ ಅಂತ. ನಾನು ತಗೊಂಡೋಗಿ ಕೊಡ್ತೀನಿ."

"ನನ್ ಕೈ ಆಗ್ತೈತೆ, ಮುಖ ಆಗಲ್ವಾ?"

ಸತ್ಯಾ ಸೀರೆ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

ಚೆಲ್ಲಮ್ಮ ಕಾಸಿಕೊಟ್ಟಳು. ನೂಲಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಮೋಡ ಮುಚ್ಚಿ, ಗಾಳಿ ಒದ್ದೆಯಾಗಿತ್ತು. ಪಳನಿಸ್ವಾಮಿಯ ಹಾಸು. ಚೆಲ್ಲಮ್ಮ ನೆಲಕ್ಕೆ ಕೆನ್ನೆ ಕೊಟ್ಟು ನೋಡುತ್ತಿದ್ದಳು. ನೂಲಿನಿಂದ ಗಂಜಿ ಹನಿಹನಿಯಾಗಿ ಬೀಳಬೇಕು. ಅಂದು ದಾರವಾಗಿ ಇಳಿಯುತ್ತಿತ್ತು. ಇಂಥ ಹವೆಯಲ್ಲಿ ಗಂಜಿ ತೆಳುವಾಗಬೇಕು, ಕೈಗೆ ಎಣ್ಣೆ ಸವರಿ ಎಳೆ ಬಿಡಿಸಬೇಕು. ಇನ್ನು ಅರ್ಧ ಗಂಟೆ ಹೀಗೇ ಬಿಟ್ಟರೆ ಹಾಸು ಪೂರ್ತಿ ಹಗ್ಗ.

"ಬಿಸಿನೀರು ಸೇರ್ಸಿ!" ಎಂದು ಕೂಗಿದಳು.

ಹೊರಗೆ ಕಾಲುಗಳು ನಿಂತವು.

"ಯಾರ್ ಅದು ಕೂಗಿದ್ದು?" ಎಂದ ಪೊನ್ನುಸ್ವಾಮಿ.

"ಬಾಗ್ಲು ಮಾತಾಡ್ತೈತೆ ಮಾಮಾ," ಎಂದ ಯಾರೋ ಹುಡುಗ. ನಗು ಬಂತು. ಕಾಲುಗಳು ಮತ್ತೆ ನಡೆದವು.

ಚೆಲ್ಲಮ್ಮ ಎದ್ದಳು. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಎದ್ದಳು. ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತಳು.

 ಅವಳು ಇಷ್ಟು ದಿನ ಕಾಲು ಮಾತ್ರ ನೋಡಿದ್ದ ಜನಕ್ಕೆ ಮುಖಗಳು ಬಂದವು. ಮುಖಗಳೆಲ್ಲ ಬೇರೆ ಕಡೆ ತಿರುಗಿದವು.

"ಅತ್ಗೆ, ಒಳಕ್ಕೋಗಿ," ಎಂದ ಪೊನ್ನುಸ್ವಾಮಿ, ನೆಲ ನೋಡುತ್ತಾ.

"ನನ್ ಮುಖ ಕಂಡ್ರೆ ನೂಲು ಅರಿತೈತೆ. ಕಾಣ್ದೇ ಇದ್ರೂ ಇವತ್ತು ಅರಿತೈತೆ. ಯಾವ್ದು ಬೇಕು ಏಳಪ್ಪ."

"ಶಾಸ್ತ್ರ ಅಂತ ಒಂದೈತೆ..."

"ಅಣ್ಣಾ!" ಪಳನಿಸ್ವಾಮಿ ನಡುವೆ ಬಿದ್ದ. "ಶಾಸ್ತ್ರ ನಿಮ್ದು, ನೂಲು ನಂದು! ಚೆಲ್ಲಮ್ಮಕ್ಕ, ಏನ್ ಮಾಡ್ಲಿ ಏಳಿ."

ಅವಳು ಹೇಳಿದಳು. ಗಂಜಿಗೆ ಎರಡು ಚೆಂಬು ಬಿಸಿನೀರು. ಕುಂಚ ಕೆಳಗಿಡಿ. ಕೈಗೆ ಎಣ್ಣೆ. ಇಬ್ಬಿಬ್ಬರು ಎದುರುಬದುರು ನಿಂತು ಎಳೆ ಬಿಡಿಸಿ, ಎಳೀಬೇಡಿ, ಬಿಡಿಸಿ. ಲೇ ಹುಡ್ಗಾ, ನಿನ್ ಹೆಂಡ್ತಿ ತಲೆ ಅಲ್ಲ ಅದು, ಮೆಲ್ಲಗೆ. ನಗಬಾರದು ಎಂದುಕೊಂಡವರೂ ನಕ್ಕರು. ಒಂಬತ್ತಕ್ಕೆ ಹಾಸು ಒಣಗಿ ನೆಟ್ಟಗಾಯಿತು. ಹನ್ನೊಂದು ಎಳೆ ಹರಿದಿದ್ದವು.

"ನೋಡಿದ್ರಾ, ಅನ್ನೊಂದು," ಎಂದ ಪೊನ್ನುಸ್ವಾಮಿ ಎಲ್ಲರಿಗೂ.

ಪ್ರತಿ ಹಾಸಿನಲ್ಲೂ ಹದಿನೈದು, ಇಪ್ಪತ್ತು ಹರಿಯುತ್ತವೆ. ಯಾರೂ ಅದನ್ನು ನೆನಪಿಸಲಿಲ್ಲ. ಪಳನಿಸ್ವಾಮಿ ಕೂಡ ಹಾಸು ಸುತ್ತಿಕೊಂಡು ತಲೆ ತಗ್ಗಿಸಿ ಹೋದ.

ಮುಂದಿನ ಹಾಸಿನ ದಿನ ಸತ್ಯಾ ಗಡಿಗೆ ಹಿಡಿದು ಬಾಗಿಲು ಎಳೆದಳು. ಬರಲಿಲ್ಲ. ಹೊರಗಿನಿಂದ ಚಿಲಕ ಹಾಕಿತ್ತು.

"ಯಾರ್ ಹಾಕಿದ್ದು? ನಾನೂ ಒಳಗವ್ನಿ! ಚಿಕ್ಕಮಾವಾ!" ಎಂದು ಸತ್ಯಾ ಬಾಗಿಲು ಬಡಿದಳು.

ಚಿಲಕ ತೆಗೆದ ಸದ್ದಾಯಿತು. ಗಂಜಿ ಬೇಕಲ್ಲ. ಬಾಗಿಲ ಸಂದಿಯಲ್ಲಿ ಪೊನ್ನುಸ್ವಾಮಿಯ ಕೈ ಚಾಚಿತು.

ಚೆಲ್ಲಮ್ಮ ಸೊಸೆಯ ಕೈಯಿಂದ ಗಡಿಗೆ ತೆಗೆದುಕೊಂಡಳು. "ನೀನು ಈಚೆ ಬಾ ಮಗಾ," ಎಂದಳು. ಆಮೇಲೆ ಬಾಗಿಲ ಕಡೆಗೆ, "ಗಂಜಿ ಬೇಕಾದೋರು ಒಳಕ್ ಬಂದು ನನ್ ಕೈಯಿಂದ ಇಸ್ಕಂಡೋಗ್ಲಿ."

"ಅತ್ಗೆ, ಒತ್ತಾಯ್ತೈತೆ..."

"ನಂಗೆ ಬೇಕಾದಷ್ಟು ಒತ್ತೈತೆ. ಒಂದು ವರ್ಷ ಕೊಟ್ಟಿದ್ದೀಯಲ್ಲ."

ಅವನು ಬಂದ. ಕಣ್ಣು ಗಡಿಗೆಯ ಮೇಲೆ. ಎರಡು ಕೈಯಲ್ಲಿ ಗಡಿಗೆಯ ಕಂಠ ಹಿಡಿದ. ಅವಳು ಬಿಡಲಿಲ್ಲ.

"ಬಿಡಿ ಅತ್ಗೆ. ಸುಡ್ತೈತೆ."

"ನಂಗೂ ಸುಡ್ತೈತೆ. ಮೇಲೆ ನೋಡು."

ನೋಡಿದ. ಏಳು ತಿಂಗಳಿಂದ ಅವನ ಮುಖವನ್ನು ಅವಳೂ ಹತ್ತಿರದಿಂದ ನೋಡಿರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಮೂಗು ಅಣ್ಣನದೇ, ತುದಿ ಸ್ವಲ್ಪ ಬಲಕ್ಕೆ. ಅವನ ಕಣ್ಣು ತುಂಬಿತು. ಬಿಸಿಗೋ ಏನೋ. ಅವಳು ಗಡಿಗೆ ಬಿಟ್ಟಳು.

ಅವನು ಹೋಗುವಾಗ ಕಾಲಿನಿಂದ ಬಾಗಿಲು ಎಳೆದು ಮುಚ್ಚಿದ. ಚಿಲಕ ಹಾಕಲಿಲ್ಲ.

ವರ್ಷ ಕಳೆಯಿತು. ವರ್ಷದ ತಿಥಿಗೆ ಇಡೀ ಬೀದಿ ಬಂದು ಉಂಡು ಹೋಯಿತು. ಇನ್ನು ಹೊರಗೆ ಬನ್ನಿ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಾಸು ಎಳೆದ ದಿನ ಬಾಗಿಲು ಮುಚ್ಚುವುದು ಬೀದಿಗೆ ರೂಢಿಯಾಗಿಬಿಟ್ಟಿದೆ. ಒಂದೊಂದು ದಿನ ಅವಳೇ ಹೋಗಿ ಮುಚ್ಚಿರುತ್ತಾಳೆ. ಆಮೇಲೆ ತಾನೇಕೆ ಮುಚ್ಚಿದೆ ಎಂದು ಅಲ್ಲೇ ನಿಂತು ಯೋಚಿಸುತ್ತಾಳೆ. ಆದರೆ ಯಾರ ಹಾಸಾದರೂ ಸರಿ, ಅವರೇ ಒಳಗೆ ಬಂದು, ಅವಳ ಮುಖ ನೋಡಿ, ಗಡಿಗೆ ತೆಗೆದುಕೊಂಡು ಹೋಗಬೇಕು. ಹಾಗೇ ಹೋಗುತ್ತಿದ್ದಾರೆ. ಈಗ ಮೇಲಿನ ಬೀದಿಯವರೂ ಬರುತ್ತಾರೆ. ಅದರಿಂದ ದಿನಾ ಗಂಜಿ.

ಕಾಸಿದ ಗಂಜಿಯನ್ನು ಹಳೆಯ ಪಂಚೆಯಲ್ಲಿ ಸೋಸಬೇಕು. ಗಂಟು ಉಳಿಯಬಾರದು. ಅದು ಇಬ್ಬರ ಕೆಲಸ. ಒಬ್ಬರು ಬಟ್ಟೆಯ ಒಂದು ತುದಿ ಹಿಡಿದರೆ ಇನ್ನೊಬ್ಬರು ಇನ್ನೊಂದು ತುದಿ ತಿರುಚಬೇಕು. ಸತ್ಯಾ ಹಿಡಿಯುತ್ತೇನೆ ಎಂದರೂ ಚೆಲ್ಲಮ್ಮ ಅವಳನ್ನು ಎಬ್ಬಿಸುವುದಿಲ್ಲ. ಒಂದು ತುದಿಯನ್ನು ಕಿಟಕಿಯ ಕಂಬಿಗೆ ಕಟ್ಟುತ್ತಾಳೆ. ಇನ್ನೊಂದನ್ನು ತಾನು ಹಿಡಿದು, ಕಾಲು ಗೋಡೆಗೆ ಒತ್ತಿಕೊಟ್ಟು, ಕೊನೆಯ ಹನಿ ಇಳಿಯುವವರೆಗೂ ತಿರುಚುತ್ತಾಳೆ.