ಅಮ್ಮ ನಿಂತ ದಿಕ್ಕು

ಅವನನ್ನು ನಾವು ರಸಮಟ್ಟ ಎಂದು ಕರೆಯುತ್ತಿದ್ದೆವು. ನೆಲಕ್ಕೆ ಕಲ್ಲು ಕೂರಿಸುವವರ ಹತ್ತಿರ, ಮಟ್ಟ ನೋಡಲು ನೀರಿನ ಗುಳ್ಳೆಯಿರುವ ಕೋಲೊಂದು ಇರುತ್ತದಲ್ಲ, ಅದೇ ರಸಮಟ್ಟ. ಇವನಿಗೆ ಅದು ಬೇಕೇ ಇರಲಿಲ್ಲ. ಬರಿಗಣ್ಣಿನಲ್ಲಿ ನೋಡಿ, ಆ ಮೂಲೆಯ ಕಲ್ಲು ಕೂದಲೆಳೆಯಷ್ಟು ಎದ್ದಿದೆ ಅನ್ನುತ್ತಿದ್ದ. ನಾನು ನಂಬದೆ ಕೋಲಿಟ್ಟು ನೋಡಿದರೆ ಗುಳ್ಳೆಯೂ ಅವನ ಮಾತನ್ನೇ ಹೇಳುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕಲಿತವರು. ಮಸೀದಿಯ ನೆಲದ ಕೆಲಸ ಬಂದರೆ ಮೇಸ್ತ್ರಿ ನಮ್ಮಿಬ್ಬರನ್ನೇ ಕಳಿಸುತ್ತಿದ್ದ. ಅಲ್ಲಿ ಎಲ್ಲಕ್ಕಿಂತ ಮೊದಲು ಕಿಬ್ಲಾ ಹಿಡಿಯಬೇಕು, ಅಂದರೆ ನಮಾಜಿನಲ್ಲಿ ಮುಖ ಮಾಡಬೇಕಾದ ಕಾಬಾದ ದಿಕ್ಕು. ದಿಕ್ಸೂಚಿ ಇಟ್ಟು ದಿಕ್ಕು ಗುರುತಿಸಿದ ಮೇಲೆ ನೀಲಿ ಪುಡಿ ಹಚ್ಚಿದ ದಾರದ ಒಂದು ತುದಿ ಅವನು, ಇನ್ನೊಂದು ತುದಿ ನಾನು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ ಎಂದು ನೆಲದ ಮೇಲೆ ಗೆರೆ ಬೀಳುತ್ತದೆ. ಆ ಗೆರೆಗೆ ಅಡ್ಡಲಾಗಿ ಜನ ಸಾಲುಗಟ್ಟಿ ನಿಲ್ಲುವ ಪಟ್ಟಿಗಳು. ದಾರ ತಪ್ಪಿದರೆ ಊರಿಗೆ ಊರೇ ತಪ್ಪು ದಿಕ್ಕಿಗೆ ಹಣೆ ಹಚ್ಚಬೇಕಾಗುತ್ತದೆ. ಈ ದಾರ ಹೊಡೆಯುವುದನ್ನು ನಾವು ಕಲಿತದ್ದು ಅವನ ಅಮ್ಮನ ಅಂಗಳದಲ್ಲಿ. ಅಂಗಳದ ತುಂಬ ನೀಲಿ ಗೆರೆ ಬೀಳಿಸಿ ಬೈಸಿಕೊಳ್ಳುತ್ತಿದ್ದೆವು. ನನಗೆ ಬಾಯಿಬಡಕ ಅಂತ ಹೆಸರಿಟ್ಟವರೂ ಅವರೇ. ಬೈಯುತ್ತಲೇ ಊಟಕ್ಕೆ ಹಾಕುತ್ತಿದ್ದರು, ಅಜಾನ್ ಕೇಳಿದ ಕೂಡಲೇ ಇಬ್ಬರ ಕಿವಿಯನ್ನೂ ಹಿಂಡಿ ನಮಾಜಿಗೆ ಎಬ್ಬಿಸುತ್ತಿದ್ದರು.

ಆಮೇಲೆ ಅವನು ಕಲ್ಲು ಕೂರಿಸುವುದನ್ನು ಬಿಟ್ಟು ಕಲ್ಲು ಮಾರಲು ನಿಂತ. ಮುಟ್ಟಿದ್ದೆಲ್ಲ ಚಿನ್ನವಾಯಿತು. ಒಂದು ಅಂಗಡಿ ಮೂರಾಯಿತು, ಹಡಗಿನಲ್ಲಿ ಕಲ್ಲು ಬರತೊಡಗಿತು. ದುಡಿದ, ಗಳಿಸಿದ, ಅದರಲ್ಲಿ ತಪ್ಪೇನಿದೆ? ಹಲಾಲಾಗಿ ಬಂದದ್ದು. ಬಡವರ ಪಾಲಿನ ಜಕಾತ್ ತಪ್ಪಿಸಿದವನಲ್ಲ, ಮಸೀದಿಗೆ ಕೇಳಿದ್ದಕ್ಕಿಂತ ಹೆಚ್ಚೇ ಕಳಿಸುತ್ತಿದ್ದ. ಹಣ ಹೋಗುತ್ತಿತ್ತು, ಅವನು ಹೋಗುತ್ತಿರಲಿಲ್ಲ. ದಿನದ ಐದು ನಮಾಜು ಎರಡಾಯಿತು, ಆಮೇಲೆ ವಾರಕ್ಕೊಂದಾಯಿತು, ಕೊನೆಗೆ ಅದೂ ಇಲ್ಲ. ಕೇಳಿದರೆ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ನಾಳೆಯಿಂದ ಶುರು ಮಾಡುತ್ತೇನೆ ಅನ್ನುತ್ತಿದ್ದ.

ಹೊಸ ಮನೆ ಕಟ್ಟಿಸಿದಾಗ ಮಾತ್ರ ನಮಾಜಿಗೆಂದೇ ಒಂದು ಕೋಣೆ ಮಾಡಿಸಿದ. ನೆಲದ ಕೆಲಸ ನನಗೇ ಕೊಟ್ಟ. ನಾನು ದಾರ ಹೊಡೆದೆ. ಗೆರೆ ಹೋಗಿ ಬಲಗಡೆಯ ಕಿಟಕಿ ಗೋಡೆಗೆ ನಿಂತಿತು. ಇವನಿಗೋ ಬಾಗಿಲು ತೆರೆದ ಕೂಡಲೇ ಎದುರಿಗೆ ಕಾಣುವ ಗೋಡೆಯ ಮೇಲೆ ಕಣ್ಣು. ಹೊರದೇಶದಿಂದ ತರಿಸಿದ ಆಳೆತ್ತರದ ಅಖಂಡ ಕಲ್ಲು ಅಲ್ಲೇ ನಿಲ್ಲಬೇಕು, ನೆಲದ ಕಪ್ಪು ಪಟ್ಟಿಗಳು ಅದಕ್ಕೆ ಎದುರಾಗಿಯೇ ಬರಬೇಕು. ಕಿಟಕಿ ಗೋಡೆಗೆ ಹಾಕಿದರೆ ಕಲ್ಲು ತುಂಡು ಮಾಡಬೇಕಾಗುತ್ತದಲ್ಲ ಎಂದ. ಈ ಪಟ್ಟಿಯ ಮೇಲೆ ನಿಂತರೆ ಕಾಬಾ ಬಲಭುಜಕ್ಕೆ ಬೀಳುತ್ತದೆ ಎಂದು ನಾನು ಎಗರಾಡಿದೆ. ಬೇಕಾದವರು ಚಾಪೆ ತಿರುಗಿಸಿ ಹಾಕಿಕೊಳ್ಳುತ್ತಾರೆ, ಬಂದವರಿಗೆ ನಾನೇ ಹೇಳುತ್ತೇನೆ ಎಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕರಣೆ ಎಸೆದು ಹೊರಟುಬಿಟ್ಟೆ. ಬೇರೆಯವರು ಕೆಲಸ ಮುಗಿಸಿದರು.

ಏಳು ವರ್ಷ ಆ ಮನೆಯ ಕಡೆ ತಲೆ ಹಾಕಲಿಲ್ಲ. ಒಂದು ಬೆಳಿಗ್ಗೆ ಅವನ ಫೋನು ಬಂತು.

"ಅಮ್ಮ ಇವತ್ತೋ ನಾಳೆಯೋ ಅನ್ನೋ ಹಾಗಿದ್ದಾರೆ ಕಣೋ. ಮಂಚ ತಿರುಗಿಸಬೇಕು. ದಾರ ತಗೊಂಡು ಬಾ."

ಕೊನೆಯುಸಿರಿನಲ್ಲಿರುವವರ ಮುಖವನ್ನು ಕಿಬ್ಲಾದ ಕಡೆಗೆ ಮಾಡುವುದು ನಮ್ಮಲ್ಲಿ ರೂಢಿ. ಜೇಬಿನ ಫೋನೇ ದಿಕ್ಕು ತೋರಿಸುವ ಕಾಲದಲ್ಲಿ ಇವನಿಗೆ ನನ್ನ ದಾರ ಏಕೆ ಬೇಕಾಯಿತು ಎಂದುಕೊಂಡೇ ಹೋದೆ. ಮೆಟ್ಟಿಲ ಬಳಿಯೇ ಕಾಯುತ್ತಿದ್ದ. ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋಗಿ, ಯಾರಿಗೂ ಹೇಳದ್ದನ್ನು ಹೇಳಿದ.

ಆರು ವರ್ಷದ ಹಿಂದೆ ಅಮ್ಮನ ಕಣ್ಣು ಪೂರ್ತಿ ಮಂಜಾಯಿತು, ಇಲ್ಲಿಗೆ ಕರೆತಂದ. ಬಂದ ದಿನವೇ ಅವರು ನಮಾಜಿನ ಕೋಣೆಯ ಬಾಗಿಲಲ್ಲಿ ನಿಂತು, ಯಾವ ಕಡೆ ನಿಲ್ಲಲಿ ಮಗಾ ಎಂದು ಕೇಳಿದರು. ಇವನ ಕಿವಿಯಲ್ಲಿ ಫೋನು, ಬಂದರಿನಲ್ಲಿ ಯಾವುದೋ ಹಡಗು ನಿಂತುಹೋಗಿತ್ತು. ಪಟ್ಟಿ ತರಿತರಿಯಾಗಿದೆ, ಕಾಲಿಗೆ ಸಿಗುತ್ತದೆ, ಅದರ ಮೇಲೆ ಬೆರಳಿಟ್ಟು ನೇರ ನಿಂತುಕೋ ಅಂದುಬಿಟ್ಟ. ಅಂದ ಕೂಡಲೇ ತಪ್ಪು ಎಂದು ನೆನಪಾಯಿತಂತೆ. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಅಮ್ಮ ಅವನ ಕೆನ್ನೆ ಸವರಿ, ಎಷ್ಟು ಒಳ್ಳೆಯ ಕೋಣೆ ಮಾಡಿಸಿದ್ದೀಯಪ್ಪ ಅಂದರು. ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಮರೆತೇಹೋಯಿತು. ಹೆಂಡತಿ ಎರಡನೇ ಅಂಗಡಿಯಲ್ಲಿ, ಇವನು ಮೂರನೆಯದರಲ್ಲಿ. ಆ ಕೋಣೆಗೆ ಕಸ ಗುಡಿಸುವವಳು ಬಿಟ್ಟರೆ ಅಮ್ಮನೊಬ್ಬರೇ. ಪಟ್ಟಿ ಕಾಲಿಗೆ ಸಿಗಬೇಕಲ್ಲ, ಅದಕ್ಕೆ ಚಾಪೆಯನ್ನೂ ಹಾಸದೆ ಬರಿಯ ಕಲ್ಲಿನ ಮೇಲೆ ಆರು ವರ್ಷ, ದಿನಕ್ಕೆ ಐದು ಹೊತ್ತು.

ಕೆನ್ನೆಗೆ ಬಾರಿಸೋಣ ಅನ್ನಿಸಿತು. ಆದರೆ ನನ್ನ ಕೈ ಏಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಕೋಣೆಯ ದಿಕ್ಕು ತಪ್ಪು ಎಂದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ; ಕೋಪ ಮಾಡಿಕೊಂಡು ಏಳು ವರ್ಷ ಬಾಯಿ ಮುಚ್ಚಿದವನು ನಾನು. ನನ್ನ ಮೌನ ಯಾವ ಬಂಗಾರ?

"ಅಮ್ಮಂಗೆ ಮಾತ್ರ ಹೇಳಬೇಡ. ನೆಮ್ಮದಿಯಾಗಿ ಹೋಗಲಿ," ಎಂದ. ನಾನೂ ಹೂಂ ಅಂದೆ.

ಅವರ ಕೋಣೆಯಲ್ಲಿ ಮಂಚದ ಪಕ್ಕ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು ದಾರ ಎಳೆದೆವು. ನೆಲ ಕನ್ನಡಿಯ ಹಾಗಿತ್ತು. ಎಷ್ಟೇ ಮೆಲ್ಲಗೆ ಬಿಟ್ಟರೂ ದಾರ ಟಪ್ ಅಂದಿತು. ಅಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕರು.

"ಬಾಯಿಬಡಕ ಬಂದಿದ್ದಾನೆ. ಮತ್ತೆ ನನ್ನ ಅಂಗಳ ನೀಲಿ ಮಾಡ್ತಿದ್ದೀರಾ?"

ನಾನು ಅವರ ಕಾಲು ಹಿಡಿದುಕೊಂಡೆ. ಇಬ್ಬರೂ ಸೇರಿ ಮಂಚ ತಿರುಗಿಸಿದೆವು. ಕಣ್ಣು ಕಾಣದವರಿಗೆ ಮೈಯೇ ಕಣ್ಣು. ನಮಾಜಿನ ಕೋಣೆ ಗೋಡೆಯಾಚೆಯೇ ಇದ್ದದ್ದು. ಅಮ್ಮ ಕೈಚಾಚಿ ಗೋಡೆ ಮುಟ್ಟಿ ನೋಡಿದರು. ನಾನು ಆ ಕಡೆಗೆ ಮುಖ ಮಾಡಿಯಲ್ಲವೇ ನಿಲ್ಲುತ್ತಿದ್ದದ್ದು, ಈ ಕಡೆ ಏಕೆ ತಿರುಗಿಸಿದಿರಿ ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಗ ಅವನು ಮಂಚದ ಅಂಚಿಗೆ ಹಣೆ ಹಚ್ಚಿ, ಎಲ್ಲವನ್ನೂ ಹೇಳಿದ. ಕಲ್ಲು ತುಂಡಾಗಬಾರದೆಂದು ದಿಕ್ಕು ಬಿಟ್ಟದ್ದು, ಹಡಗಿನ ಫೋನು, ನಾಳೆ ನಾಳೆ ಎಂದು ಕಳೆದದ್ದು. ನಿನ್ನ ಅಷ್ಟೂ ನಮಾಜು ನಾನು ಹಾಳು ಮಾಡಿದೆ ಎಂದು ಅತ್ತ.

ಅಮ್ಮ ಅವನ ತಲೆ ಹುಡುಕಿ ಕೈಯಿಟ್ಟರು.

"ನನ್ನ ನಮಾಜಿನ ಚಿಂತೆ ಬಿಡು. ಮಗ ಹೇಳಿದ್ದನ್ನ ನಂಬಿ ನಿಂತೆ, ಅಲ್ಲಾಹನಿಗೆ ಅದು ಗೊತ್ತು. ಆರು ವರ್ಷದಲ್ಲಿ ಒಂದೇ ಒಂದ್ಸಲ ನೀನು ನನ್ನ ಪಕ್ಕ ನಿಂತಿದ್ರೆ, ಅವತ್ತೇ ಸರಿಹೋಗ್ತಿತ್ತಲ್ವಾ ಮಗಾ."

ಅಷ್ಟು ಹೊತ್ತಿಗೆ ಮಧ್ಯಾಹ್ನದ ಅಜಾನ್ ಕೇಳಿಸಿತು. ಈಗ ನಿಲ್ಲು ಅಂದರು. ಅವನು ಕೈಕಾಲು ಮುಖ ತೊಳೆಯಲು ಹೋದ. ವುಜೂವಿನಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ತಡವರಿಸಿ, ಬಚ್ಚಲಿನಿಂದಲೇ ನನ್ನನ್ನು ಕೇಳಿದ. ಬಂದು ನೀಲಿ ಗೆರೆಯ ಮೇಲೆ, ಮಂಚಕ್ಕೆ ತಾಗಿ ನಿಂತ. ನಾನು ಅವನ ಆಚೆ ಬದಿಗೆ ನಿಂತೆ. ಅವನು ಅಲ್ಲಾಹು ಅಕ್ಬರ್ ಎಂದು ಕೈಯೆತ್ತಿದಾಗ ಅಮ್ಮನ ಬೆರಳುಗಳೂ ಹೊದಿಕೆಯ ಮೇಲೆ ಒಂದಿಷ್ಟು ಎದ್ದದ್ದನ್ನು ಕಂಡೆ. ನಮಾಜು ಮುಗಿಸಿ ಸಲಾಂ ಹೇಳಿ ತಿರುಗಿದಾಗ ಅವರು ಇರಲಿಲ್ಲ. ಬಗ್ಗಿ ಏಳುವ ಎಷ್ಟನೇ ಸುತ್ತಿನವರೆಗೆ, ಎಷ್ಟನೇ ರಕಾತಿನವರೆಗೆ ಜೊತೆಗಿದ್ದರೋ, ನಮ್ಮಿಬ್ಬರಿಗೂ ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವನು ಇಮಾಮರನ್ನು ಒಂದೇ ಮಾತು ಕೇಳಿದ: ಅಮ್ಮನ ಆ ನಮಾಜುಗಳ ಗತಿಯೇನು? ಅವರ ನಮಾಜು ಅವರಿಗೆ ಸಂದಿದೆ, ನೀವು ನಿಮ್ಮದನ್ನು ನೋಡಿಕೊಳ್ಳಿ ಎಂದರು ಇಮಾಮರು. ಮೂರನೆಯ ದಿನ ಬೆಳಿಗ್ಗೆ ಉಳಿ ಸುತ್ತಿಗೆ ಹಿಡಿದು ಆ ಕೋಣೆಗೆ ನುಗ್ಗಿದ. ನನ್ನೊಬ್ಬನನ್ನು ಬಿಟ್ಟು ಕೆಲಸದವರಾರನ್ನೂ ಒಳಗೆ ಬಿಡಲಿಲ್ಲ. ಯಾವುದನ್ನು ತುಂಡು ಮಾಡಲು ಮನಸ್ಸಿರಲಿಲ್ಲವೋ, ಆ ಗೋಡೆಯ ಕಲ್ಲನ್ನು ತಾನೇ ಚೂರು ಚೂರು ಮಾಡಿದ. ಆಮೇಲೆ ಪಟ್ಟಿ ಕೀಳಲು ನೆಲಕ್ಕೆ ಬಗ್ಗಿದವನು ಹಾಗೇ ನಿಂತುಬಿಟ್ಟ. ಹಿಂದೆ ಮಟ್ಟ ನೋಡುತ್ತಿದ್ದ ಹಾಗೆ ಕೆನ್ನೆಯನ್ನು ನೆಲಕ್ಕೆ ಹತ್ತಿರ ತಂದು, ಇಲ್ಲಿ ನೋಡು ಎಂದ.

ನನಗೆ ಮೊದಲು ಏನೂ ಕಾಣಲಿಲ್ಲ. ಅವನ ಕಣ್ಣು ಬಿಡಿ, ಅದು ರಸಮಟ್ಟದ ಕಣ್ಣು. ಬೆಳಕಿಗೆ ಓರೆಯಾಗಿ ನೋಡಿದಾಗ ಗೊತ್ತಾಯಿತು. ಹೊಳೆಯುವ ಕಲ್ಲಿನಲ್ಲಿ ಅಂಗೈಯಗಲ ಹೊಳಪು ಹೋಗಿತ್ತು. ಸಜ್ದಾದಲ್ಲಿ ಅಮ್ಮನ ಹಣೆ ತಾಗುತ್ತಿದ್ದ ಜಾಗ. ಅದರ ಈಚೆಗೆ ಮೊಣಕಾಲಿನ ಎರಡು ಮಸುಕು ಗುರುತು.

"ಇದನ್ನ ಹೇಗೆ ಒಡೀಲಿ?" ಎಂದು ಕೇಳಿದ.

ನೆಲದ ಆ ಕಲ್ಲು ಈಗಲೂ ಅಲ್ಲೇ ಇದೆ. ಅಂಗಡಿಗಳೂ ಇವೆ, ಹಡಗೂ ಬರುತ್ತದೆ. ಆದರೆ ಅಜಾನ್ ಆದ ಕೂಡಲೇ ಅವನು ಆ ಕೋಣೆಯಲ್ಲಿರುತ್ತಾನೆ. ಕಿಟಕಿ ಗೋಡೆಗೆ ಮುಖ ಮಾಡಿ, ಆ ಮಸುಕು ತನ್ನ ಎಡಪಕ್ಕಕ್ಕೆ ಬರುವ ಹಾಗೆ ಚಾಪೆ ಹಾಸಿಕೊಳ್ಳುತ್ತಾನೆ. ಜಾಗ ಬೇಕಾದಷ್ಟಿದ್ದರೂ ಆ ಪಕ್ಕದಲ್ಲಿ ಬೇರೆ ಯಾರನ್ನೂ, ನನ್ನನ್ನೂ ನಿಲ್ಲಲು ಬಿಡುವುದಿಲ್ಲ.