ತಾನಾಗೇ ಹತ್ತುವ ದೀಪ

ಹರ್ಷವರ್ಧನ್ ಓದಿದ್ದು ಮನೆ ಕಟ್ಟುವ ವಿದ್ಯೆ. ಇಪ್ಪತ್ತೆರಡು ವರ್ಷದಿಂದ ಮಾಡಿದ್ದು ಮಾತ್ರ, ಬೇರೆಯವರು ಕಟ್ಟಿದ ಮನೆಯೊಳಗೆ ಬೆಳಕು ತೂಗುಹಾಕುವ ಕೆಲಸ. ಪೀಣ್ಯದ ಶೆಡ್ಡಿನಲ್ಲಿ ಹಿತ್ತಾಳೆ ಬಗ್ಗಿಸಿ, ಗಾಜಿನ ಮಣಿ ಪೋಣಿಸಿ, ತೊಟ್ಟಿಲಷ್ಟು ದೊಡ್ಡ ತೂಗುದೀಪ ಮಾಡಿಸುತ್ತಿದ್ದ. ಅವನ ದೀಪಗಳನ್ನೆಲ್ಲ ಒಂದೇ ಸಲ ಹಾಕಿದರೆ ಸರ್ಜಾಪುರದ ಕೋಳಿಗಳು ಬೆಳಗಾಯಿತೆಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದವು.

ಇಷ್ಟೆಲ್ಲ ಬೆಳಕಿನ ಧಣಿ ಬೆಳ್ಳಂದೂರಿನ ಫ್ಲಾಟಿನಲ್ಲಿ ಒಬ್ಬನೇ ಇದ್ದ. ಕತ್ತಲೆ ಮನೆಯ ಬೀಗ ತೆಗೆಯುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಅದಕ್ಕೇ ಟೈಮರ್ ಹಾಕಿಸಿಕೊಂಡಿದ್ದ. ಸಂಜೆ ಆರಕ್ಕೆ ದೀಪ ತಾನಾಗೇ ಹತ್ತುತ್ತಿತ್ತು. ಗೇಟಿನಿಂದ ನೋಡಿದರೆ ಒಳಗೆ ಯಾರೋ ಕಾಯುತ್ತಿದ್ದಾರೆ ಅನ್ನಿಸಬೇಕು. ಎಂಟು ವರ್ಷ ಹೀಗೆ ತನಗೆ ತಾನೇ ಟೋಪಿ ಹಾಕಿಕೊಂಡಿದ್ದ.

ಈ ಸುಖ ಗಿರಾಕಿಗೂ ಸಿಗಲಿ ಅಂತ ಸರ್ಜಾಪುರದ ಲಕ್ಷ್ಮಮ್ಮನ ಹೊಸ ಮನೆಗೂ ಅದನ್ನೇ ಹಾಕಿಸಿದ. ಮೂರನೇ ದಿನಕ್ಕೇ ಕರೆ ಬಂತು. ರಾಗಿ ಹೊಲ ಲೇಔಟಾದ ಮೇಲೆ ಹದಿನೇಳು ಜನರ ಸಂಸಾರಕ್ಕೆ ಅರಮನೆ ಕಟ್ಟಿಸಿದ ಮುದುಕಿ ಹಜಾರದಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

"ಏನಪ್ಪಾ, ಇದ್ಯಾವ ಸೀಮೆ ದೀಪ? ನಾನು ಮುಖ ತೊಳ್ಕೊಂಡು ಕುಂಕುಮ ಇಕ್ಕೊಂಡು ಬರಾದ್ರೊಳಗೆ ಅದೇ ಅತ್ಕೊಂಬುಡ್ತದೆ. ಇಂಗಾದ್ರೆ ಮನೆಗೊಬ್ಳು ಎಂಗ್ಸು ಯಾಕೆ?"

"ಅನುಕೂಲ ಆಗ್ಲಿ ಅಂತ, ಅಮ್ಮಾ."

"ಊಟಾನೂ ಅದೇ ಉಂಡ್ಬುಡ್ಲಿ. ಇನ್ನೂ ಅನುಕೂಲ."

ಹರ್ಷವರ್ಧನ್ ಟೈಮರ್ ಕಿತ್ತು, ದೇವರಮನೆ ಪಕ್ಕದಲ್ಲಿ ಒಂದು ಸಾದಾ ಸ್ವಿಚ್ಚು ಕೂರಿಸಿದ. ಹೊತ್ತು ಮುಳುಗಿತು. ಲಕ್ಷ್ಮಮ್ಮ ದೇವರ ದೀಪ ಹಚ್ಚಿ, ಬಂದು ಸ್ವಿಚ್ಚು ಒತ್ತಿ ಕೈ ಮುಗಿದಳು. ಟಿವಿ ಮುಂದಿನ ಮಕ್ಕಳೂ ಸೇರಿ ಹದಿನೇಳು ಜನ ಅವನ ತೂಗುದೀಪಕ್ಕೆ ಕೈ ಮುಗಿದರು. ದೀಪ ಹಾಕುವ ಹೊತ್ತಿನ ತನಕ ಗಿರಾಕಿಯ ಮನೆಯಲ್ಲಿ ಅವನು ನಿಂತದ್ದು ಅದೇ ಮೊದಲು.

"ನಿಮ್ಮನೇಲಿ ಯಾರಪ್ಪ ದೀಪ ಆಕೋರು?"

"ಅದೇ ಹತ್ಕೊಳತ್ತೆ."

ಅವಳು ಅವನ ಮುಖ ನೋಡಿದಳು. "ಓಗು, ಇವತ್ತು ನೀನೇ ಆಕು."

ಬೆಳ್ಳಂದೂರಿನ ಸಿಗ್ನಲ್ಲಿನಲ್ಲಿ, ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಪಾಸಾಗುವಷ್ಟು ಹೊತ್ತು ನಿಲ್ಲಬೇಕಾಯಿತು. ಅಲ್ಲೇ ಫೋನಿನಲ್ಲಿ ಮನೆಯ ಟೈಮರ್ ನಿಲ್ಲಿಸಿ, ಆರಕ್ಕೇ ಹತ್ತಿದ್ದ ದೀಪ ಆರಿಸಿದ. ಗೇಟಿನಿಂದ ನೋಡಿದರೆ ಕಿಟಕಿ ಕಪ್ಪಗಿತ್ತು. ಒಂದು ಗಳಿಗೆ ಕಾರಿನಲ್ಲೇ ಕೂತ. ಆಮೇಲೆ ಮೇಲೆ ಹೋಗಿ ಬೀಗ ತೆಗೆದ.

ಸಾವಿರ ಮನೆಯ ಸ್ವಿಚ್ಚು ಎಲ್ಲಿರಬೇಕೆಂದು ಹೇಳಿಕೊಟ್ಟವನಿಗೆ ತನ್ನ ಮನೆಯದು ಎಲ್ಲಿದೆಯೋ ಗೊತ್ತಿರಲಿಲ್ಲ. ಗೋಡೆ ತಡವಿ, ಎರಡು ಸಲ ಮೊಣಕಾಲು ಬಡಿದುಕೊಂಡು, ಕೊನೆಗೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಹುಡುಕಿ ಒತ್ತಿದ. ಚೀಲ ಕೆಳಗಿಟ್ಟು ಕೈ ಮುಗಿದ. ಕಾಲಲ್ಲಿ ಶೂ ಇದ್ದದ್ದು ಆಗ ನೆನಪಾಯಿತು. ಹೊರಗೆ ಹೋಗಿ ಬಿಚ್ಚಿಟ್ಟು ಬಂದು, ಇನ್ನೊಂದು ಸಲ ಮುಗಿದ.