ಕೆತ್ತಿ ತಂದ ಸೇಬು

ಪ್ರೆಸ್ಪಾ ಸರೋವರದ ಕಡೆಯ ಜನ ಪರರ ಮೇಜಿನ ಮೇಲೆ ಕೊಳೆತ ಹಣ್ಣು ಇಡುವವರಲ್ಲ, ಮರ್ಯಾದೆಯ ಪ್ರಶ್ನೆ. ಹಾಗಾಗಿ ರೆಸೆನ್ ಪಟ್ಟಣದ ಪ್ರಯೋಗಾಲಯದಲ್ಲಿ ಸೇಬಿನ ರೋಗ ಪತ್ತೆಹಚ್ಚುವ ಟ್ರೆಂಡಾಫಿಲ್ಕಾಳಿಗೆ ಅವರು ತಂದುಕೊಡುವುದು ಕೊಳೆತದ್ದನ್ನು ಕೆತ್ತಿ ಬಿಸಾಡಿ, ಉಳಿದದ್ದನ್ನು ತೊಳೆದು ಒರೆಸಿದ ಸೇಬು. ಇಪ್ಪತ್ತೆರಡು ವರ್ಷದಿಂದ ಅವಳು ಕೊಳಕನ್ನೇ ಕೊಡಿ ಎಂದು ಬೇಡುತ್ತಿದ್ದಾಳೆ. ಇಷ್ಟು ಹೊತ್ತಿಗೆ ಕೊಳೆತದ್ದರ ನಾತ ಅಭ್ಯಾಸವಾಗಿರಬೇಕು ಎನ್ನುವವರಿದ್ದಾರೆ. ಆಗಿಲ್ಲ. ಆ ಹುಳಿನಾತ ಬಡಿದರೆ ಈಗಲೂ ಉಸಿರು ಬಿಗಿಹಿಡಿದೇ ಕೆಲಸ ಮಾಡುತ್ತಾಳೆ; ಮನೆಯಲ್ಲಿ ಹಿಟ್ಟಿನ ಹಾಳೆಗಳಲ್ಲಿ ಸೇಬು ತುಂಬಿದ ಪೀತಾ ಬೆಂದ ದಿನ ಗಂಡನೊಬ್ಬನೇ ಊಟಕ್ಕೆ ಕೂರುತ್ತಾನೆ.

ಸೆಪ್ಟೆಂಬರಿನ ಒಂದು ಶುಕ್ರವಾರ ಮುದುಕ ನೌಮ್ ಬಂದ, ಅಂಥದೇ ಎರಡು ಹಣ್ಣು ಹಿಡಿದು. ಎಲೆಗೆ ಕಪ್ಪು ಮಚ್ಚೆ, ಹಣ್ಣಿಗೆ ಕೊಳೆ, ಅಂದಮೇಲೆ ಮರದ ರಕ್ತವೇ ಕೆಟ್ಟಿದೆ ಎಂದ. ತನ್ನ ತೋಟದ ಮುನ್ನೂರು ಮರ ಉರುಳಿಸಲು ಗರಗಸದವರು ಸೋಮವಾರ ಬರುತ್ತಾರಂತೆ. ಹೆಂಡತಿ ವೇತಾ ಅಳುತ್ತಿದ್ದಾಳೆ. ಅವಳನ್ನು ಸುಮ್ಮನಾಗಿಸಲು ಟ್ರೆಂಡಾಫಿಲ್ಕಾಳದೂ ಒಂದು ಮಾತು ಬೇಕಂತೆ.

“ಕೊಳೆತ ಭಾಗ ಎಲ್ಲಿ ಚಿಕ್ಕಪ್ಪಾ?”

“ಥೂ, ಅದನ್ನ ನಿನ್ನ ಮುಂದೆ ಇಡ್ತೀನೇನು ಮಗಳೇ?”

ಅವಳೇ ತೋಟಕ್ಕೆ ಹೋದಳು. ಕಾಲಿಟ್ಟಲ್ಲೆಲ್ಲ ಪಚಕ್ ಎಂದಿತು. ಕಂದುಬಣ್ಣದ ಹಣ್ಣುಗಳ ಮೇಲೆ ಬಿಳಿಬೂದು ಗುಳ್ಳೆ, ಸುತ್ತುಸುತ್ತಾಗಿ. ಮೇಲೆ ಕಣಜಗಳ ಸಂತೆ. ಹೋದ ವರ್ಷದ ಹಣ್ಣುಗಳು ಕೊಂಬೆಯಲ್ಲೇ ಕರಿಕಲಾಗಿ ನೇತಾಡುತ್ತಿದ್ದವು. ಒಂದು ಕೊಳೆತದ್ದನ್ನು ಎತ್ತಿದಳು. ಅದು ಒಡೆದು ರಸ ಅಂಗಿಯ ತೋಳಿನೊಳಕ್ಕೆ ಇಳಿಯಿತು. ನೌಮ್ ಮುಖ ತಿರುಗಿಸಿದ. ಅವಳಿಗೆ ಆ ಭಾಗ್ಯವೂ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ಹಣ್ಣಿನ ಶಿಲೀಂಧ್ರದ ಕಣಗಳು ನಿಂಬೆಯಾಕಾರದವು, ಮಣಿಸರದಂತೆ ಪೋಣಿಸಿಕೊಂಡಿದ್ದವು. ಎಲೆಯ ಮಚ್ಚೆಯಲ್ಲಿದ್ದುದು ಇನ್ನೊಂದೇ ಜಾತಿ. ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಕಾಂಡವನ್ನು ಕೆತ್ತಿ ನೋಡಿದ್ದಳು; ಒಳಗೆ ಬೆಳ್ಳಗೆ, ಸ್ವಚ್ಛ.

ಶನಿವಾರ ಮತ್ತೆ ಹೋಗಿ ಹೇಳಿದಳು: “ಮರ ಚೆನ್ನಾಗಿದೆ ಚಿಕ್ಕಪ್ಪಾ. ಬಂದಿರೋದು ಎರಡು ಬೂಷ್ಟು. ಒಂದು ಕೊಳೆತ ಹಣ್ಣಲ್ಲಿ ಚಳಿಗಾಲ ಕಳೆಯುತ್ತೆ, ಇನ್ನೊಂದು ಉದುರಿದ ಎಲೇಲಿ. ಎರಡಕ್ಕೂ ನೀವೇ ಹಾಸಿಗೆ ಹಾಸಿಕೊಟ್ಟಿದ್ದೀರಿ.”

“ಔಷಧಿ?”

“ಅದು ವಸಂತಕ್ಕೆ. ಎಲೆ ಉದುರಿದ ಮೇಲೆ ಗುಡಿಸಬೇಕು. ಈಗ ಹಣ್ಣನ್ನ ಕೈಯಲ್ಲೇ ಆರಿಸಿ ಹೂಳಬೇಕು.”

ಮುದುಕ ನೆಲ ನೋಡಿದ. “ಈ ಕೊಳಕನ್ನ ಕೈಯಲ್ಲಿ ಮುಟ್ಟೋದಕ್ಕಿಂತ ಕಡಿಸೋದೇ ವಾಸಿಯಿತ್ತು.”

ಕೊಳೆತದ್ದನ್ನು ಆರಿಸಿ ಹೂಳೋಣ ಎಂದು ಐದು ವರ್ಷದಿಂದ ಹೇಳಿ ಸೋತಿದ್ದ ವೇತಾ ಬಕೆಟ್ ತಂದು ಗಂಡನ ಕಾಲಬಳಿ ಇಟ್ಟಳು.

ಸೋಮವಾರ ಟ್ರೆಂಡಾಫಿಲ್ಕಾ ಬೇಲಿಯಾಚೆ ಕಾರು ನಿಲ್ಲಿಸಿ ನೋಡಿದಳು. ಗರಗಸದವರು ಬಂದಿದ್ದರು. ನೌಮ್ ಮೂಗಿಗೆ ಬಟ್ಟೆ ಕಟ್ಟಿ, ಮಂಡಿಯೂರಿ, ಕೊಳೆತ ಹಣ್ಣನ್ನು ಬಕೆಟ್ಟಿಗೆ ತುಂಬುತ್ತಿದ್ದ. ಆ ಬಟ್ಟೆ ಬಿಚ್ಚದೆಯೇ ಎದ್ದು ಬಂದು, ಲೋಳೆ ಸುರಿಯುವ ಕೈಯನ್ನು ಕುಲುಕಲು ಚಾಚಿದ. ಅವರು ಆ ಕೈ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಗರಗಸವನ್ನು ಮತ್ತೆ ಗಾಡಿಗೇರಿಸಿದರು.